ಅಹವಾಲು ಕೇಳದೆ ಕೆಡವುವಂತಿಲ್ಲ

ಬೆಳಿಗ್ಗೆ ನಗರಸಭೆಯ ಎಂಜಿನಿಯರು ಹಾರೆ ಹಿಡಿದ ಕೂಲಿಯವರನ್ನು ಕಟ್ಟಿಕೊಂಡು ಬಾಗಿಲಿಗೆ ಬಂದು, “ಸಾರ್, ನಿಮ್ಮ ಮನೆ ಮುಂದಿನ...” ಎಂದು ಬಾಯಿ ತೆರೆದದ್ದೇ ತಡ, ಮನೆಯ ಯಜಮಾನ ಲಾಪಾಯಿಂಟು ಕೈ ಎತ್ತಿ ತಡೆದ.

“ಅಹವಾಲು ಕೇಳದೆ ಕೆಡವುವಂತಿಲ್ಲ! ಮೇಲಿನ ಕೋರ್ಟೇ ಹೇಳಿದೆ. ಹೋದ ವಾರ ನಾನೇ ಬರೆದಿದೀನಿ!”

ಬರೆದದ್ದು ನಿಜ. ಕೋರ್ಟಿನ ತೀರ್ಪುಗಳ ಮೇಲೆ ವಾರಪತ್ರಿಕೆಗೆ ವ್ಯಾಖ್ಯಾನ ಬರೆಯುವುದೇ ಅವನ ಕಸುಬು. ಅದಕ್ಕೇ ಬೀದಿಯವರು ಆ ಹೆಸರಿಟ್ಟದ್ದು. ಸಂವಿಧಾನ ಅವನ ನಾಲಿಗೆಯ ತುದಿಯಲ್ಲಿತ್ತು. ಮನೆಯ ಒಲೆ ಮಾತ್ರ ಹೆಂಡತಿಯ ಹೊಲಿಗೆ ಮಿಷನ್ನಿನಿಂದ ಉರಿಯುತ್ತಿತ್ತು. ಮಿಷನ್ನು ಇದ್ದದ್ದು ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ. ಆ ಕೋಣೆ ಹೋದರೆ ಗಿರಾಕಿ ಹೋದ ಹಾಗೆ, ಅನ್ನವೂ ಹೋದ ಹಾಗೆ.

“ಒಂದ್ನಿಮಿಷ ಸಾರ್, ನಾವು ಬಂದಿರೋದು...”

“ನಿಮ್ಮ ಕೆಲಸ ಹೇಳೋದಲ್ಲ, ಕೇಳೋದು! ಕೂತ್ಕೊಳ್ಳಿ!”

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಎಲ್ಲಿದ್ದರೋ, ಕುರ್ಚಿ ತಂದು ಹಾಕಿದರು. ಲಾಪಾಯಿಂಟಿನ ಕಿವಿಯಲ್ಲಿ ಉಸುರಿದರು: “ಸಂಜೆವರೆಗೂ ಎಳೀರಿ. ಕೆಲಸದ ಹೊತ್ತು ಮುಗಿದ್ರೆ ತಾವೇ ಎದ್ದು ಹೋಗ್ತಾರೆ. ನಾಳೆ ತಡೆಯಾಜ್ಞೆ ತರೋಣ.” ಮೇಷ್ಟ್ರ ಆ ನಾಲಿಗೆಗೆ ಬರೆ ಹಾಕಬೇಕಿತ್ತು.

“ಅವರೇನು ಹೇಳ್ತಾರೋ ಮೊದ್ಲು ಕೇಳ್ರೀ!” ಒಳಗಿನಿಂದ ಹೆಂಡತಿ ಕೂಗಿದಳು.

“ನಿಂಗೆ ಕಾನೂನು ತಿಳಿಯಲ್ಲ, ಸುಮ್ನಿರು!”

ಮೂಲಭೂತ ಹಕ್ಕಿನಿಂದ ಶುರು ಮಾಡಿದ. ಬಹುಮತದ ತೀರ್ಪನ್ನು ಹೊಗಳಿದ. ಒಪ್ಪದ ನ್ಯಾಯಮೂರ್ತಿಯನ್ನು ಕಲ್ಲಿನ ಮೇಲೆ ಬಟ್ಟೆ ಒಗೆದಂತೆ ಒಗೆದ. ಮಧ್ಯಾಹ್ನಕ್ಕೆ ಹಾರೆಯವರು ಗೋಡೆಗೊರಗಿ ಗೊರಕೆ ಹೊಡೆಯುತ್ತಿದ್ದರು. ಎಂಜಿನಿಯರ ಮುಖ ಒದ್ದೆ ಗೋಣಿಚೀಲದ ಹಾಗೆ ಜೋತು ಬಿದ್ದಿತ್ತು. ಪುಣ್ಯಾತ್ಮ ಏಳಲಿಲ್ಲ ಮಾತ್ರ.

ಬಿಸಿಲು ಇಳಿಯುವಷ್ಟರಲ್ಲಿ ಸಂವಿಧಾನ ಖಾಲಿಯಾಯಿತು. ‘ನಿಲ್ಲಿಸಬೇಡಿ’ ಎಂದು ಮೇಷ್ಟ್ರು ಕೈ ಆಡಿಸಿದರು. ಲಾಪಾಯಿಂಟು ಮನೆಯ ಚರಿತ್ರೆಗೆ ಇಳಿದ.

“ಈ ಕೋಣೆ ನಿನ್ನೆ ಮೊನ್ನೇದಲ್ಲ ಸಾರ್, ನಮ್ಮಪ್ಪನ ಕಾಲದ್ದು! ಆಗ ಇಲ್ಲಿ ದೊಡ್ಡ ಚರಂಡಿ ಇತ್ತು. ಅದರ ಬಾಯಿಗೆ ಮಣ್ಣು ತುಂಬಿ, ಮೇಲೆ ಚಪ್ಪಡಿ ಹಾಸಿ ಕಟ್ಟಿಸಿದ್ರು. ಇಷ್ಟು ಹಳೇ ಸ್ವಾಧೀನಾನ ಯಾರು ಅಲ್ಲಾಡಿಸ್ತಾರೆ?”

ಎಂಜಿನಿಯರು ನೆಟ್ಟಗೆ ಕೂತ. “ಚರಂಡಿ ಇಲ್ಲಿತ್ತಾ? ನೀರೆಲ್ಲಿ ಕಟ್ಟಿಕೊಳ್ತಿದೆ ಅಂತ ಇಡೀ ಬೀದಿ ಅಗೆಸಿದ್ನಲ್ರೀ!”

ಮೇಷ್ಟ್ರ ಕೈ ಗಾಳಿಯಲ್ಲೇ ನಿಂತಿತು. “ಅಂದ್ರೆ, ಮಳೆ ಬಂದಾಗ ನಮ್ಮ ಅಡುಗೆಮನೆಗೆ ಕೊಚ್ಚೆ ನುಗ್ಗೋದು ನಿಮ್ಮಪ್ಪನ ದೆಸೆಯಿಂದಲಾ?” ಎಂದವರೇ ಹೋಗಿ ಹಾರೆಯವರನ್ನು ತಟ್ಟಿ ಎಬ್ಬಿಸಿದರು.

“ನಾವು ಬಂದದ್ದು ಬಾಗಿಲ ಮೇಲಿಂದ ಬೀದಿಗೆ ಚಾಚಿರೋ ಆ ತಗಡು ತೆಗೆಯೋಕೆ ಸಾರ್,” ಎಂಜಿನಿಯರು ಮೈ ಮುರಿಯುತ್ತ ಎದ್ದ. “ಗಾಡಿಗಳಿಗೆ ತಾಗುತ್ತೆ ಅಂತ ದೂರಿತ್ತು. ಮೊಳೆ ಕಿತ್ತು ಹೋಗ್ತಿದ್ವಿ. ಈಗ ಕೋಣೇನೇ ತೆಗೀಬೇಕು.”

ಲಾಪಾಯಿಂಟು ಮತ್ತೆ ಕೈ ಎತ್ತಿದ. “ಅ... ಅಹವಾಲು ಕೇಳದೆ...”

“ಬೆಳಿಗ್ಗೆಯಿಂದ ಕೇಳಿದ್ದೇನು ಮತ್ತೆ? ಒಂದಕ್ಷರ ಬಿಟ್ಟಿಲ್ಲ.”

ಹೆಂಡತಿ ಅರ್ಧ ಹೊಲಿದ ರವಿಕೆಯನ್ನು ಹೆಗಲಿಗೆ ಹಾಕಿಕೊಂಡು ಮಿಷನ್ನಿನ ಒಂದು ತುದಿ ಹಿಡಿದಳು. “ಆ ಕಡೆ ಹಿಡೀರಿ.”

ಅವನು ಬಾಯಿ ತೆರೆದ.

“ಬರೀ ಹಿಡೀರಿ ಸಾಕು,” ಎಂದಳು.