ಖಂಡೇ ನವಮಿ ದಿನ ಟೆಂಪ್ ಫೋಲ್ಡರ್

ನಾನು ಊಟಕ್ಕ ಕುಂತಾಗನ ಕಂಪ್ಯೂಟರಿನ ಡಿಸ್ಕ್ ತುಂಬತೈತಿ. ಬೇಲೂರು ಕೈಗಾರಿಕಾ ಪ್ರದೇಶದ ಒಂದು ಪಂಪ್ ಫ್ಯಾಕ್ಟರಿಯೊಳಗ ಲಿನಕ್ಸ್ ಕಂಪ್ಯೂಟರ್ ನೋಡ್ಕೊಳ್ಳಾಂವ ನಾನು. ಸಾಕಾಗಿ ಹೋಗೇತ್ರಿ. ಹೋದ ಖಂಡೇ ನವಮಿ, ಆಯುಧ ಪೂಜಾದ ದಿನಾನೂ ರೊಟ್ಟಿ ಬಿಟ್ಟು ಎದ್ದೆ.

೧. ಕೇಳಿ ತೆಗೀರಿ

ಡ್ರಾಯಿಂಗ್ ಇಡೋ ಸರ್ವರ್ ತುಂಬಿ ನಿಂತಿತ್ತು. ಅಲ್ಲೇ ಕುಂತಿದ್ದ ಲೆಕ್ಕ ಬರಿಯೋ ಹಿರಿಯರಿಗೆ ಹೇಳಿದೆ, "ಕಾಕಾ, ಟೆಂಪ್ ಫೋಲ್ಡರಿನ್ಯಾಗಿನ ಹಳೇ ಕಸ ತೆಗೀತೇನ್ರಿ."

"ಯಾರು ಇಟ್ಟಾರದನ್ನ?"

"ಯಾರೂ ಇಟ್ಟಿಲ್ರಿ. ಪ್ರೋಗ್ರಾಮ್ ಕೆಲಸ ಮಾಡೋಮುಂದ ತಾನ ಇಟ್ಕೊಂಡಿರ್ತೈತಿ."

"ಹಂಗಾರ ಅದನ್ನ ಒಂದ್ ಮಾತ್ ಕೇಳ್ರಿ. ಇನ್ನೊಬ್ಬರ ಸಾಮಾನು ಹೇಳದ ತೆಗೀಬಾರ್ದು."

ಯಾವ ಫೈಲು ಯಾವ ಪ್ರೋಗ್ರಾಮಿನ ಕೈಯಾಗ ಐತಿ ನೋಡಿ, ಅವನ್ನ ಬಿಟ್ಟು, ಹಳೇವಷ್ಟ ಆರಿಸಿ ತೆಗ್ಯಾಕತ್ತೆ.

"ಕೇಳಿದ್ರೇನು?" ಅಂದ್ರು ಕಾಕಾ.

"ಕೇಳೇನ್ರಿ. ಒಪ್ಕೊಂಡೈತಿ."

೨. ಯಾರೂ ತಡಿಯಂಗಿಲ್ಲ

ಕಸದ ನಡುವ ಒಂದು ಪಂಪಿನ ಡ್ರಾಯಿಂಗ್ ಕಾಣ್ತು. ತೆಗಿಯೂದು ನಿಲ್ಲಿಸಿದೆ. ಡ್ರಾಯಿಂಗ್ ವಿಭಾಗದ ಮೇಡಂನ್ನ ಕರದೆ.

"ಇದು ಇಲ್ಯಾಕ ಐತ್ರಿ?"

"ಈ ವರ್ಷ ನಾ ನೌಕರಿಗೆ ಬಂದಾಗಿಂದ ಎಲ್ಲಾ ಇಲ್ಲೇ ಅದಾವಲ್ರಿ! ಇಲ್ಲಾದ್ರ ಯಾರ್ ಬೇಕಾದವ್ರು ಫೈಲ್ ಇಡಬಹುದು, ಯಾರೂ ತಡಿಯಂಗಿಲ್ಲ. ಹಬ್ಬ ಆದಕೂಡ್ಲೆ ಗಿರಾಕಿಗೆ ಕಳಸೂದೂ ಇಲ್ಲೇ ಐತಿ. ಬ್ಯಾರೆ ಕಾಪಿ ಇಲ್ಲ."

"ಅಯ್ಯ ಮೇಡಂ! ಮಶೀನ್ ಬಂದ್ ಮಾಡಿ ಚಾಲೂ ಮಾಡಿದ್ರ ಈ ಫೋಲ್ಡರ್ ಖಾಲಿ ಆಗ್ತೈತ್ರಿ!"

"ಇಷ್ಟ್ ದಿನ ಆಗಿಲ್ಲಲ್ರಿ?"

"ಇಷ್ಟ್ ದಿನ ಯಾರೂ ಬಂದ್ ಮಾಡಿಲ್ರಿ."

ನಮ್ಮಲ್ಲಿ ಸರ್ವರ್ ಬಂದ್ ಆಗೂದು ಖಂಡೇ ನವಮಿ ಪೂಜಾಕ್ಕ ಅಷ್ಟ. ಹೊಳ್ಳಿ ನೋಡಿದ್ರ ಬಾಗಲದಾಗ ಮಾಲಕರು ಕಾಯಿ, ಕುಂಕುಮ ಹಿಡಕೊಂಡು ನಿಂತಾರ.

೩. ಮುಹೂರ್ತ

"ಲಗೂ ಬಂದ್ ಮಾಡ್ರಿ, ಮುಹೂರ್ತ ಮೀರ್ತೈತಿ. ಚಾಲೂ ಇರೋ ಮಶೀನಿಗೆ ಪೂಜಾ ಮಾಡಂಗಿಲ್ಲ."

ಕಸ ತೆಗದು ತೆರವಾದ ಜಾಗಾದಾಗ ಡ್ರಾಯಿಂಗ್ ಎಲ್ಲಾ ಬ್ಯಾರೆ ಫೋಲ್ಡರಿಗೆ ಕಾಪಿ ಹಚ್ಚಿದ್ದೆ, ಇನ್ನೂ ಅರ್ಧಾನೂ ಆಗಿದ್ದಿಲ್ಲ. ನಾನು ಮಾಲಕರಿಗೆ ಅಂದೆ,

"ಸಾಹೇಬ್ರ, ಮೊದಲ ಲೇತ್ ಮಶೀನಿಗೆ ಮಾಡ್ರಿ. ವಯಸ್ಸಿನ್ಯಾಗ ಅದು ಹಿರೇದು."

"ಅದೂ ಖರೇನ" ಅಂತ ಮಾಲಕರು ಆ ಕಡೆ ಹೋದ್ರು. ಬರೂದ್ರಾಗ ಕಾಪಿ ಮುಗೀತು. ಫೈಲ್ ತೆರದು ಖಾತ್ರಿ ಮಾಡ್ಕೊಂಡು ಬಂದ್ ಮಾಡಿದೆ. ಕಾಯಿ ಒಡೀತು.

"ಅಣ್ಣಾರ, ನೀವಿರದಿದ್ರ ನನ್ನ ನೌಕರಿ ಹೋಗ್ತಿತ್ರಿ" ಅಂತ ಮೇಡಂ ಕಣ್ಣೀರ ಒರಿಸ್ಕೊಂಡ್ರು. ನನಗೂ ಸಮಾಧಾನ ಆತು.

ಹಬ್ಬ ಮುಗಿಸಿ ಬಂದು ನೋಡ್ತೇನಿ, ಹೊಸಾ ಡ್ರಾಯಿಂಗ್ ಮತ್ತ ಟೆಂಪಿನ್ಯಾಗ!

"ಮೇಡಂ! ಬಂದ್ ಮಾಡಿದ್ರ ಖಾಲಿ ಆಗ್ತೈತಿ ಅಂತ ಹೇಳಿದ್ದಿಲ್ಲೇನ್ರಿ?"

"ಹೇಳೀರಲ್ರಿ ಅಣ್ಣಾರ. ಅದಕ್ಕ ಧೈರ್ಯಲೆ ಇಟ್ಟೇನಿ. ಮುಂದಿನ ಖಂಡೇ ನವಮಿಗೆ ಇನ್ನೂ ವರ್ಷ ಐತಿ."