ಲಂಕೆಯಲ್ಲಿ ನಿಮಗೆ ಇಷ್ಟವಾದ ಜಾಗ ಯಾವುದು?

ಇಂಥ ಪ್ರಸಂಗಗಳೆಲ್ಲ ನಮ್ಮ ಆಫೀಸಿಗೇ ಯಾಕೆ ಹುಡುಕಿಕೊಂಡು ಬರುತ್ತವೆ ಎಂದು ಯೋಚಿಸುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಈಗ ಬೆಳಿಗ್ಗೆ ಶಟರ್ ಎತ್ತುವಾಗಲೇ, ಇವತ್ತು ಯಾವುದಪ್ಪಾ ಎಂದು ಕೇಳಿಕೊಂಡು ಒಳಗೆ ಹೋಗುತ್ತೇನೆ.

ದುಬೈಯ ಸತ್ವಾದಲ್ಲಿ ದರ್ಜಿ ಅಂಗಡಿಗಳ ಸಾಲಿನ ನಡುವೆ ನಮ್ಮದೊಂದು ಸಣ್ಣ ಟ್ರಾವೆಲ್ಸ್ ಉಂಟು. ಎಡಗಡೆ ಪ್ಯಾಂಟು ಹೊಲಿಯುತ್ತಾರೆ, ಬಲಗಡೆ ಪರದೆ ಹೊಲಿಯುತ್ತಾರೆ, ನಡುವೆ ಕೂತು ನಾನು ಶ್ರೀಲಂಕಾ ಮಾರುತ್ತೇನೆ. ದುಬೈಯಿಂದ ಹತ್ತಿರ, ಈದ್ ರಜೆಯೊಳಗೆ ಹೋಗಿ ಬರಬಹುದು, ಹಸಿರು ಉಂಟು, ಊಟಕ್ಕೆ ಅನ್ನ ಸಿಗುತ್ತದೆ. ನಮ್ಮವರಿಗೆ ಇನ್ನೇನು ಬೇಕು?

ನಮ್ಮ ಬಾಸ್ ಕಣ್ಣೂರಿನವರು. ಅವರದ್ದೊಂದು ಹಟ. ಹೋಗಿ ಬಂದ ಪ್ರತಿಯೊಬ್ಬರನ್ನೂ “ನಿಮಗೆ ಅತ್ಯಂತ ಇಷ್ಟವಾದ ಜಾಗ ಯಾವುದು?” ಎಂದು ನಾನು ಕೇಳಬೇಕು, ಅವರು ಹೇಳಿದ್ದನ್ನು ಫೋಟೋ ಜೊತೆ ಆಫೀಸಿನ ಪೇಜಿಗೆ ಹಾಕಬೇಕು. ಸಿಗಿರಿಯ ಬಂಡೆ, ಗಾಲೆಯ ಕೋಟೆ, ಬೆಟ್ಟದ ರೈಲು, ಹೀಗೆ ಯಾರಾದರೂ ಹೇಳಲಿ ಎಂದು ಅವರ ಆಸೆ. ಒಬ್ಬರೂ ಹೇಳುವುದಿಲ್ಲ. ಒಮ್ಮೆ ಒಬ್ಬರು “ಎಲ್ಲಾ ಚೆನ್ನಾಗಿತ್ತು” ಅಂದರು. ಅಲ್ಲಿ ಎಲ್ಲಾ ಎಂಬ ಹೆಸರಿನದೇ ಒಂದು ಬೆಟ್ಟದೂರು ಉಂಟಲ್ಲ, ಅದರ ಫೋಟೋ ಹಾಕಿ ಕೆಳಗೆ ಅವರ ಮಾತು ಬರೆದೆ. ಇದುವರೆಗೆ ನಮಗೆ ಸಿಕ್ಕಿದ ಅತ್ಯಂತ ಸರಿಯಾದ ಉತ್ತರ ಅದೇ.

ಸುತ್ತ ನೀರು

ಅಬುಧಾಬಿಯ ಖಾಲಿದಿಯಾದಿಂದ ಒಬ್ಬರು ಡಾಕ್ಟರು ತಾಯಿಯನ್ನು ಕರೆದುಕೊಂಡು ಬಂದರು. ವಿಜಯಪುರದ ಕಡೆಯವರು. ಅಷ್ಟು ದೂರದಿಂದ ಬಂದದ್ದು ನನ್ನ ಪ್ಯಾಕೇಜಿಗಲ್ಲ, ಪಕ್ಕದ ಅಂಗಡಿಯಲ್ಲಿ ಪರದೆ ಹೊಲಿಸಲಿಕ್ಕೆ. ಅಳತೆ ಕೊಟ್ಟಾದ ಮೇಲೆ ಹೊರಗೆ ಬಿಸಿಲು ನೋಡಿ ನಮ್ಮ ಎಸಿಯೊಳಗೆ ಬಂದು ಕೂತರು.

“ಮಕ್ಕಳಿಗೆ ಸೂಟಿ ಐತ್ರಿ,” ಅಂದರು ಡಾಕ್ಟರು. “ದ್ವೀಪ ಅಂದ್ರ ಹೆಂಗಿರತೈತಿ ಅಂತ ಒಂದ್ಸಲ ಅವರಿಗೆ ತೋರಸಬೇಕು.”

ತಾಯಿ ನನ್ನನ್ನು ಕೇಳಿದರು: “ದ್ವೀಪ ಅಂದ್ರ ಏನವಾ ತಂಗಿ?”

“ಸುತ್ತ ನೀರು ಅಮ್ಮಾ, ನಡುವೆ ನೆಲ,” ಅಂದೆ. ಗೋಡೆಯ ಮೇಲೆ ಎರಡು ದೊಡ್ಡ ಮ್ಯಾಪು ಉಂಟು. ಒಂದರಲ್ಲಿ ಶ್ರೀಲಂಕಾ ತೋರಿಸಿದೆ. ಅವರು ಎದ್ದು ಇನ್ನೊಂದರ ಹತ್ತಿರ ಹೋದರು. ಅದು ಈ ದೇಶದ್ದು.

“ಇದರಾಗ ನಮ್ಮ ಮನಿ ಎಲ್ಲೈತಿ?”

ಮಗ ಬೆರಳಿಟ್ಟು ತೋರಿಸಿದರು.

“ಈ ಕಡಿ ನೀಲಿ ಅದು ಏನು?”

“ಸಮುದ್ರ ಬೇ.”

“ಈ ಕಡಿ?”

“ಅದೂ ನೀರೇ.”

“ಆ ಕಡಿ?”

“ಅಲ್ಲಿ ಬ್ರಿಜ್ ಐತಿ.”

“ಬ್ರಿಜ್ ಯಾಕ ಕಟ್ಯಾರ?”

ಡಾಕ್ಟರು ಮ್ಯಾಪಿನ ಹತ್ತಿರ ಬಗ್ಗಿದರು. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಬಗ್ಗಿದರು. ಆಮೇಲೆ ನನ್ನ ಕಡೆ ತಿರುಗಿ, “ದಿನಾ ಡ್ಯೂಟಿಗೆ ಆ ಬ್ರಿಜ್ ಮ್ಯಾಲೇ ಹೋಗ್ತೀನ್ರಿ ಮೇಡಂ. ಇಷ್ಟು ವರ್ಷದಾಗ ಒಬ್ಬರೂ ಹೇಳಲಿಲ್ಲ ನೋಡ್ರಿ,” ಅಂದರು.

ಆದರೂ ಟಿಕೆಟು ಮಾಡಿಸಿದರು. ಮಕ್ಕಳಿಗೆ ಮಾತು ಕೊಟ್ಟಾಗಿತ್ತಂತೆ. ಪರದೆ ಒಯ್ಯಲು ಮತ್ತೆ ಬಂದಾಗ ನಾನು ರೂಢಿಯಂತೆ ತಾಯಿಯನ್ನು ಕೇಳಿದೆ, ಯಾವ ಜಾಗ ಇಷ್ಟವಾಯಿತು ಎಂದು.

“ಛಲೋ ಐತವಾ,” ಅಂದರು ಅವರು. “ಗುಡ್ಡ ಐತಿ, ಚಹಾದ ತೋಟ ಐತಿ, ಆನಿ ಅದಾವು. ಆದ್ರ ದ್ವೀಪ ಅನಸಲಿಲ್ಲ. ಎಲ್ಲಿ ಹೋದ್ರೂ ಬರೇ ನೆಲಾನೇ. ಖರೇ ದ್ವೀಪ ನೋಡಬೇಕಂದ್ರ ನಮ್ಮ ಖಾಲಿದಿಯಾಕ್ಕ ಬಾ.”

ಮಳೆ ಬರಲಿಲ್ಲ

ಇಲ್ಲಿರುವವರಿಗೆ ಲಂಕೆಯಲ್ಲಿ ಏನು ಬೇಕು ಎಂದು ಕೇಳಿದರೆ ಸಮುದ್ರ ಅನ್ನುವುದಿಲ್ಲ. ಸಮುದ್ರ ಇಲ್ಲೇ ಉಂಟು. ಮಳೆ ಬೇಕು ಅನ್ನುತ್ತಾರೆ. ಮೈಸೂರಿನ ಒಬ್ಬರು ಐಟಿ ಮ್ಯಾನೇಜರಿಗಂತೂ ಮಳೆಯದೇ ಹುಚ್ಚು.

“ನುವಾರ ಎಲಿಯಾದಲ್ಲಿ ಹೋಟೆಲ್ ಹಾಕಿಕೊಡಿ ಮೇಡಂ,” ಅಂದರು. “ಕಿಟಕಿ ಪಕ್ಕ ಕೂತು ಕಾಫಿ ಕುಡೀಬೇಕು, ಹೊರಗಡೆ ಸುರೀತಾ ಇರಬೇಕು. ಅಷ್ಟೇ. ಬೇರೆ ಏನೂ ತೋರಿಸೋದು ಬೇಡ.”

“ಸಾರ್, ಮಳೆ ನಮ್ಮ ಕೈಯಲ್ಲಿಲ್ಲ,” ಅಂದೆ.

“ನಿಮ್ಮ ಪೇಜಲ್ಲಿ ಫೋಟೋ ಇದೆಯಲ್ಲ ಮೇಡಂ. ಕೊಡೆ ಹಿಡ್ಕೊಂಡಿದ್ದಾರೆ.”

ಅವರು ಹೋದರು. ರೇನ್‌ಕೋಟು, ಹೆಂಡತಿಗೂ ರೇನ್‌ಕೋಟು, ಗಮ್‌ಬೂಟು. ಅಲ್ಲಿಂದ ದಿನವೂ ನನಗೆ ಒಂದೊಂದು ಫೋಟೋ ಕಳಿಸಿದರು. ನೀಲಿ ಆಕಾಶ. ಮರುದಿನ ಇನ್ನೂ ನೀಲಿ ಆಕಾಶ. ಕಡೆಯ ದಿನದ ಫೋಟೋದಲ್ಲಿ ಅವರು ರೇನ್‌ಕೋಟು ಹಾಕಿಕೊಂಡು ಬಿಸಿಲಿನಲ್ಲಿ ನಿಂತಿದ್ದರು, ಸಾಕ್ಷಿಗೆ.

ವಾಪಸು ಬಂದ ವಾರ ದುಬೈಯಲ್ಲಿ ಮಳೆ ಹಿಡಿಯಿತು. ಇಲ್ಲಿಯ ಮಳೆಗೆ ಹರಿದು ಹೋಗುವ ಅಭ್ಯಾಸ ಇಲ್ಲ, ಬಂದಲ್ಲೇ ನಿಲ್ಲುತ್ತದೆ. ನಮ್ಮ ಬೀದಿ ಕೆರೆಯಾಯಿತು. ದರ್ಜಿಗಳು ಬಟ್ಟೆಯ ಥಾನುಗಳನ್ನು ಮೇಜಿನ ಮೇಲೆ ಏರಿಸಿ ತಾವೂ ಮೇಜು ಹತ್ತಿ ಕೂತರು. ನಾನು ಕುರ್ಚಿಯ ಮೇಲೆ ಕಾಲು ಮಡಚಿಕೊಂಡು ಫೋನು ಎತ್ತುತ್ತಿದ್ದೆ. ಆಗ ಮೈಸೂರಿನವರು ಬಂದರು. ಪ್ಯಾಂಟು ಮೊಣಕಾಲಿನ ತನಕ ಮಡಚಿತ್ತು, ಶೂ ಎರಡೂ ಕೈಯಲ್ಲಿದ್ದವು, ತಲೆಯಿಂದ ನೀರು ಇಳಿಯುತ್ತಿತ್ತು. ಬಾಗಿಲಲ್ಲಿ ನಿಂತು ಮುಖ ಒರೆಸಿಕೊಂಡು, ಬಹಳ ಬೇಸರದಿಂದ ಹೇಳಿದರು:

“ಮೇಡಂ, ಮಳೆ ಬರಲೇ ಇಲ್ಲ.”

ಜಲಪಾತದ ಟೈಮಿಂಗ್

ಈದ್ ರಜೆಯಲ್ಲಿ ಗುಂಪು ದೊಡ್ಡದಿದ್ದರೆ ಬಾಸ್ ನನ್ನನ್ನೂ ಜೊತೆಗೆ ಕಳಿಸುತ್ತಾರೆ. ಹಾಗೆ ಹೋದಾಗ ರಂಬೋಡ ಜಲಪಾತದ ಎದುರು ವ್ಯಾನು ನಿಲ್ಲಿಸಿದೆವು. ಬೆಂಗಳೂರಿನ ಒಂದು ಕುಟುಂಬ ಇತ್ತು. ಮಗಳು ದುಬೈಯಲ್ಲೇ ಹುಟ್ಟಿದವಳು. ಮಾಲ್‌ನೊಳಗಿನ ಜಲಪಾತ, ಹೊತ್ತಿಗೆ ಸರಿಯಾಗಿ ಕುಣಿಯುವ ಕಾರಂಜಿ, ಇವನ್ನೇ ನೋಡಿ ಬೆಳೆದ ಹುಡುಗಿ.

ಸ್ವಲ್ಪ ಹೊತ್ತು ನೋಡಿ ಅಪ್ಪನನ್ನು ಕೇಳಿದಳು: “ಪಪ್ಪಾ, ವೆನ್ ಇಸ್ ದ ನೆಕ್ಸ್ಟ್ ಶೋ?”

ಅಪ್ಪನಿಗೆ ನನ್ನೆದುರು ನಾಚಿಕೆಯಾಯಿತು. “ಶೋ ಅಲ್ಲ ಪುಟ್ಟಿ, ಇದು ನ್ಯಾಚುರಲ್. ಯಾರೂ ಆನ್ ಮಾಡಲ್ಲ. ತಾನಾಗೇ ಹರಿಯತ್ತೆ.”

“ದೆನ್ ಹೂ ಪೇಸ್ ದ ವಾಟರ್ ಬಿಲ್?”

“ಬಿಲ್ ಇಲ್ಲ ಕಣೇ. ಪ್ರಕೃತಿ. ಬೆಟ್ಟದ ಮೇಲೆ ಮಳೆ ಆಗತ್ತೆ, ನೀರು ಕೆಳಗೆ ಬರತ್ತೆ.” ನನ್ನ ಕಡೆ ತಿರುಗಿ, “ನೋಡಿ ಮೇಡಂ, ಈ ಮಕ್ಕಳ ಗತಿ,” ಅಂದರು.

ಎಲ್ಲರೂ ವ್ಯಾನು ಹತ್ತಿದರು. ಅವರು ಮಾತ್ರ ಹಿಂದೆ ಉಳಿದು ಮೆಲ್ಲಗೆ ನನ್ನ ಪಕ್ಕಕ್ಕೆ ಬಂದರು.

“ಮೇಡಂ, ಸುಮ್ನೆ ಕೇಳ್ತಿದೀನಿ, ತಪ್ಪು ತಿಳ್ಕೋಬೇಡಿ. ರಾತ್ರಿ ಯಾರೂ ಇಲ್ಲದಾಗಲೂ ಇಷ್ಟೇ ಫೋರ್ಸಲ್ಲಿ ಬಿಡ್ತಾರಾ?”

ರಜೆ ಅಂದರೆ ಹೀಗಿರಬೇಕು

ಅಲ್ ಕೂಜ್‌ನಲ್ಲಿ ಗ್ಯಾರೇಜು ಇಟ್ಟಿರುವ ಒಬ್ಬರು ಕಾಕ ಇದ್ದಾರೆ, ಉಪ್ಪಿನಂಗಡಿ ಕಡೆಯವರು. ಮದುವೆಯಾದಂದಿನಿಂದ ಹೆಂಡತಿಯನ್ನು ಎಲ್ಲಿಗೂ ಕರೆದುಕೊಂಡು ಹೋಗಿಲ್ಲ ಎಂದು ಮಕ್ಕಳೆಲ್ಲ ಸೇರಿ ಜೋರು ಮಾಡಿ ಇಬ್ಬರನ್ನೂ ಲಂಕೆಗೆ ಕಳಿಸಿದರು. “ಗ್ಯಾರೇಜಿನ ಫೋನು ಎತ್ತಬಾರದು, ಖಲಾಸ್,” ಎಂದು ಮಗಳು ನನ್ನೆದುರೇ ಅಪ್ಪನಿಂದ ಮಾತು ತೆಗೆದುಕೊಂಡಳು.

ಎರಡನೇ ದಿನ ಕಾಕನ ಫೋನು ಬಂತು. “ಮೇಡಂ, ನಾಳೆಯ ಹೋಟೆಲು ಕ್ಯಾನ್ಸಲ್ ಮಾಡಿ. ನಾವು ಇಲ್ಲೇ ಇರ್ತೇವೆ.”

“ಎಲ್ಲಿ ಕಾಕ? ಸರೋವರದ ಹತ್ತಿರವಾ?”

“ಅಲ್ಲ, ಗ್ಯಾರೇಜಿನ ಹತ್ತಿರ.”

ಆದದ್ದು ಇಷ್ಟು. ಬೆಟ್ಟ ಹತ್ತುವಾಗ ಟೂರಿನ ವ್ಯಾನು ಒಂದು ಸದ್ದು ಮಾಡುತ್ತಿತ್ತು. ಡ್ರೈವರನಿಗೆ ಅದು ಕೇಳಿ ಅಭ್ಯಾಸ. ಕಾಕನಿಗೆ ಆ ಸದ್ದಿನಲ್ಲಿ ಗುಡ್ಡವೂ ಕಾಣಲಿಲ್ಲ, ಮಂಜೂ ಕಾಣಲಿಲ್ಲ. ದಾರಿಯಲ್ಲಿ ಕಂಡ ಗ್ಯಾರೇಜಿನಲ್ಲಿ ನಿಲ್ಲಿಸಿ ತೋಳು ಮಡಚಿದರು. ವ್ಯಾನು ಸರಿಯಾಯಿತು. ಅಲ್ಲಿ ಇನ್ನೊಂದು ಜೀಪು ನಿಂತಿತ್ತು, ಅದನ್ನೂ ನೋಡಿದರು. ಸಂಜೆಯೊಳಗೆ ಡ್ರೈವರನ ಭಾವನ ಟೆಂಪೋ ಬಂತು. ಗ್ಯಾರೇಜಿನವನಿಗೆ ಸಿಂಹಳ, ಇವರಿಗೆ ಬ್ಯಾರಿ ಮತ್ತು ತುಳು. ಇಬ್ಬರೂ ದಿನವಿಡೀ ಮಾತಾಡಿದರಂತೆ.

ವಾಪಸು ಬಂದ ಮೇಲೆ ಫೋಟೋ ಕೇಳಿದೆ. ತೋರಿಸಿದರು. ಎಲ್ಲವೂ ಬಾನೆಟ್ಟಿನ ಒಳಗಿನವು. ಒಂದರಲ್ಲಿ ಇಂಜಿನಿನ ಹಿಂದೆ ಮೂಲೆಯಲ್ಲಿ ಮೋಡ ಹೊದ್ದ ಒಂದು ಚಂದದ ಶಿಖರ ಕಾಣುತ್ತಿತ್ತು.

“ಇದು ಯಾವ ಬೆಟ್ಟ ಕಾಕ?”

“ಅದು ಎಂತದೋ. ನೀವು ಈ ಪಂಪು ನೋಡಿ.”

ಪಾಪ, ಅವರ ಹೆಂಡತಿ ಎಂದುಕೊಂಡು ಸಮಾಧಾನ ಮಾಡುವ ದನಿಯಲ್ಲಿ ಕೇಳಿದೆ, ನಿಮಗೆ ಹೇಗಾಯಿತು ಎಂದು.

“ಭಾರೀ ಖುಷಿಯಾಯಿತು,” ಅಂದರು ಆಕೆ. “ಇಲ್ಲಿ ಇವರು ಗ್ಯಾರೇಜಿನಿಂದ ಬರುವಾಗ ನನಗೆ ಒಂದು ನಿದ್ದೆ ಆಗಿರ್ತದೆ. ಅಲ್ಲಿ ಸಂಜೆ ಆರಕ್ಕೇ ಮುಚ್ಚುತ್ತಾರೆ. ದಿನಾ ಒಟ್ಟಿಗೆ ಚಾ ಕುಡಿದೆವು. ರಜೆ ಅಂದರೆ ಹೀಗಿರಬೇಕು.”

ಇಬ್ಬರಿಗೆ ಹನಿಮೂನ್

ಪುತ್ತೂರಿನ ಕಡೆಯ ಒಬ್ಬ ಹುಡುಗ, ಇಲ್ಲಿ ಅಕೌಂಟೆಂಟ್. ಹೊಸತಾಗಿ ಮದುವೆಯಾಗಿತ್ತು. ಹೆಂಡತಿಯನ್ನು ಕರೆಸಿಕೊಂಡ, ಅವಳ ಹಿಂದೆಯೇ ವಿಸಿಟ್ ವೀಸಾದಲ್ಲಿ ಅಮ್ಮನೂ ಬಂದರು. ಒಂದೇ ಬೆಡ್‌ರೂಮಿನ ಫ್ಲ್ಯಾಟು. ಅತ್ತೆ ಸೊಸೆ ಜಗಳ ಮಾಡುತ್ತಿರಲಿಲ್ಲ. ಮಾತೇ ಆಡುತ್ತಿರಲಿಲ್ಲ. “ಸಾರಿಗೆ ಉಪ್ಪು ಜಾಸ್ತಿಯಾಗಿದೆ ಅಂತ ಅವಳಿಗೆ ಹೇಳು” ಎಂದು ಅಮ್ಮ, “ಅತ್ತೆಗೆ ಮೊಸರು ಬೇಕಾ ಕೇಳಿ” ಎಂದು ಹೆಂಡತಿ. ಮೂವರೂ ಒಂದೇ ಮೇಜಿನಲ್ಲಿ ಕೂತಿರುವಾಗ. “ನನಗೆ ಊಟ ಮಾಡ್ಲಿಕ್ಕೇ ಪುರುಸೊತ್ತು ಸಿಗುವುದಿಲ್ಲ ಮೇಡಂ,” ಅನ್ನುತ್ತಿದ್ದ.

ಅವನಿಗೆ ಬೆಂತೋಟದ ಸಮುದ್ರ ದಂಡೆಯಲ್ಲಿ ಹನಿಮೂನ್ ಪ್ಯಾಕೇಜು ಮಾಡಿಕೊಟ್ಟೆ. ಹೊರಡಲು ಎರಡು ದಿನ ಇರುವಾಗ ಓಡಿ ಬಂದ. ರಜೆ ಕ್ಯಾನ್ಸಲ್. ಮ್ಯಾನೇಜರು “ಮಾಫಿ”, ಇಲ್ಲವೇ ಇಲ್ಲ ಅಂದುಬಿಟ್ಟಿದ್ದಾನೆ. ಹೋಟೆಲಿನವರು ದುಡ್ಡು ವಾಪಸು ಕೊಡುವುದಿಲ್ಲ, ಬೇಕಾದರೆ ಒಬ್ಬರ ಬದಲು ಇನ್ನೊಬ್ಬರು ಬರಬಹುದು ಅಂದರು.

“ಇನ್ನೊಬ್ಬರು ಅಂದರೆ ಯಾರು ಮೇಡಂ?” ಅಂದ. ಆಮೇಲೆ ಅವನಿಗೇ ಹೊಳೆಯಿತು. ಕುರ್ಚಿ ಎಳೆದು ಕೂತುಬಿಟ್ಟ.

ಮನೆಯಲ್ಲಿ ಹೇಗೆ ಒಪ್ಪಿಸಿದನೋ. ಏರ್‌ಪೋರ್ಟಿನಲ್ಲಿ ಅತ್ತೆ ಸೊಸೆ ಇಬ್ಬರೂ ಒಂದೊಂದು ದಿಕ್ಕಿಗೆ ನೋಡುತ್ತಾ ನಿಂತಿದ್ದರಂತೆ. ನಾನು ಹೋಟೆಲಿಗೆ ಫೋನು ಮಾಡಿ, ಬರುವವರು ಅತ್ತೆ ಮತ್ತು ಸೊಸೆ, ಹನಿಮೂನಿನ ಏರ್ಪಾಡು ಬೇಡ ಎಂದು ಸ್ಪಷ್ಟವಾಗಿ ಹೇಳಿದೆ. ಅಲ್ಲಿನ ಮ್ಯಾನೇಜರು ಬಹಳ ವಿನಯದಿಂದ, “ಚಿಂತೆ ಮಾಡಬೇಡಿ ಮೇಡಂ, ಹನಿಮೂನಿನ ಏರ್ಪಾಡು ಎಲ್ಲಾ ರೆಡಿ,” ಅಂದ.

ಮೊದಲ ದಿನ ಸೊಸೆಯ ಫೋನು. “ಮೇಡಂ, ಮಂಚದ ಮೇಲೆ ಹೂವಿನಲ್ಲಿ ಹಾರ್ಟ್ ಮಾಡಿಟ್ಟಿದ್ದಾರೆ.”

“ಅಯ್ಯೋ. ಅತ್ತೆ ಎಂತ ಹೇಳಿದರು?”

“ಎಂತ ಇಲ್ಲ. ಹೆಕ್ಕಿ ಸೆರಗಿಗೆ ಹಾಕಿಕೊಳ್ತಾ ಇದ್ದಾರೆ. ಒಳ್ಳೆ ಹೂ, ಬೆಳಿಗ್ಗೆ ದೇವರಿಗೆ ಆಗ್ತದಂತೆ.”

ಟವೆಲಿನಲ್ಲಿ ಎರಡು ಹಂಸ ಮಾಡಿ ಕೊಕ್ಕಿಗೆ ಕೊಕ್ಕು ತಾಗಿಸಿ ಇಟ್ಟಿದ್ದರು. ಅಮ್ಮ ಒಂದು ಹಂಸ ಬಿಚ್ಚಿ ತಲೆ ಒರೆಸಿಕೊಂಡು, ಇನ್ನೊಂದನ್ನು ಸೊಸೆಗೆ ಕೊಟ್ಟರು. ಮದುವೆಯಾದ ಮೇಲೆ ನೇರವಾಗಿ ಕೈಗೆ ಕೊಟ್ಟ ಮೊದಲನೆಯ ವಸ್ತು ಅದು. ಆಮೇಲೆ ಸಮುದ್ರದ ಬದಿಯಲ್ಲಿ ಮೇಣದ ಬತ್ತಿ ಹಚ್ಚಿ ಊಟ. ಪಿಟೀಲು ಬಾರಿಸುವವನೊಬ್ಬ ಬಂದು ಪಕ್ಕದಲ್ಲಿ ನಿಂತ. ಅಮ್ಮ ಅವನಿಗೆ ಸನ್ನೆ ಮಾಡಿ, ಮೊದಲು ಊಟ ಮಾಡು, ಬಾರಿಸುವುದು ಆಮೇಲೆ ಎಂದು ಕೂರಿಸಿದರಂತೆ. ಕೇಕಿನ ಮೇಲೆ ‘ಹ್ಯಾಪಿ ಹನಿಮೂನ್’ ಎಂದಿತ್ತು. ಹನಿಮೂನ್ ಅನ್ನುವ ಭಾಗವನ್ನು ಸೊಸೆಗೆ ಕೊಟ್ಟು, ಹ್ಯಾಪಿಯನ್ನು ತಾವು ತಿಂದರು.

ಆ ಮೇಜಿನಲ್ಲಿ “ಅವಳಿಗೆ ಹೇಳು” ಅನ್ನಲು ಯಾರೂ ಇರಲಿಲ್ಲ. ಮಾತಾಡಲೇಬೇಕಾಯಿತು. ಮಾತಾಡಲು ಇಬ್ಬರಿಗೂ ಗೊತ್ತಿರುವ ವಿಷಯ ಒಂದೇ ಒಂದು ಇತ್ತು. ಮಗ.

ಅವನ ಗೊರಕೆ, ಒದ್ದೆ ಟವೆಲನ್ನು ಮಂಚದ ಮೇಲೆ ಬಿಸಾಡುವುದು, ಜಿರಳೆ ಕಂಡರೆ ಕುರ್ಚಿ ಹತ್ತುವುದು, ಎಲ್ಲ ಬಂತು. ಅಮ್ಮನಿಗೆ ಅವನ ಬಾಲ್ಯದಿಂದ ಗೊತ್ತು, ಸೊಸೆಗೆ ಇತ್ತೀಚಿನದು ಗೊತ್ತು. ಇಬ್ಬರದ್ದೂ ಸೇರಿದಾಗ ಸಂಗತಿ ಪೂರ್ತಿಯಾಯಿತು.

ಅವರು ವಾಪಸು ಬರುವಾಗ ಅವನು ಏರ್‌ಪೋರ್ಟಿನಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡು ಕಾಯುತ್ತಿದ್ದ. ಅತ್ತೆ ಸೊಸೆ ಒಂದೇ ಥರದ ಬಾಟಿಕ್ ಬಟ್ಟೆ ಹಾಕಿಕೊಂಡು, ಕೈ ಕೈ ಹಿಡಿದುಕೊಂಡು ಬಂದರು. “ಹೇಗಿತ್ತು?” ಅಂದ. ಇಬ್ಬರೂ ಅವನ ಮುಖ ನೋಡಿದರು, ಆಮೇಲೆ ಒಬ್ಬರನ್ನೊಬ್ಬರು ನೋಡಿಕೊಂಡು ನಗಲು ಶುರು ಮಾಡಿದರು. ಕಾರು ಹತ್ತುವವರೆಗೂ ನಿಲ್ಲಲಿಲ್ಲ.

ಮರುದಿನ ನನ್ನ ಆಫೀಸಿಗೆ ಬಂದ. “ಮೇಡಂ, ಅವರು ಅಲ್ಲಿ ನನ್ನ ಬಗ್ಗೆ ಎಂತ ಮಾತಾಡಿದ್ದಾರೆ, ನಿಮಗೆ ಗೊತ್ತುಂಟಾ?”

“ಇಲ್ಲ,” ಅಂದೆ. ನನಗೆ ಎಲ್ಲವೂ ಗೊತ್ತಿತ್ತು.

ಮುಂದಿನ ವರ್ಷ ಅಮ್ಮ ಮತ್ತೆ ಬಂದರು. ಈ ಸಲ ಅವನಿಗೆ ರಜೆಯೂ ಸಿಕ್ಕಿತು. ಮದುವೆಯ ವಾರ್ಷಿಕೋತ್ಸವ ಬೇರೆ. ಆಫೀಸಿಗೆ ಬಂದು, “ಅದೇ ಹೋಟೆಲು, ಅದೇ ಹನಿಮೂನ್ ಪ್ಯಾಕೇಜು,” ಅಂದ. ಅಂತೂ ಹುಡುಗನಿಗೆ ಕಾಲ ಕೂಡಿ ಬಂತಲ್ಲ ಎಂದು ನನಗೂ ಖುಷಿಯಾಯಿತು. ಪಾಸ್‌ಪೋರ್ಟು ಕೊಡಿ ಅಂದೆ. ಎರಡು ತೆಗೆದು ಮೇಜಿನ ಮೇಲೆ ಇಟ್ಟ. ಒಂದು ಹೆಂಡತಿಯದು. ಇನ್ನೊಂದು ಬಿಡಿಸಿ ನೋಡಿದೆ. ಅಮ್ಮನದು.

“ನಿಮ್ಮದು?” ಅಂದೆ.

ಅವನು ಪಾಸ್‌ಪೋರ್ಟುಗಳನ್ನು ಸರಿಯಾಗಿ ಒಂದರ ಮೇಲೊಂದು ಜೋಡಿಸಿಟ್ಟ.

“ಕೇಳಿ ನೋಡಿದೆ ಮೇಡಂ,” ಅಂದ. “ಹನಿಮೂನಿಗೆ ಮೂರು ಜನ ಹೋಗುವ ಕ್ರಮ ಇಲ್ಲ ಅಂದರು ಅಮ್ಮ.”