ಶ್ರೀ ಅಂದರೆ ಮಿಸ್ಟೇಕ್

ಬೆಟಗೇರಿಯ ಹೈಸ್ಕೂಲಿಗೆ ಸರ್ಕಾರ ಕೊಟ್ಟ ಕಂಪ್ಯೂಟರು ಎರಡು ತಿಂಗಳಿಂದ ಜಯತೀರ್ಥ ಮಾಸ್ತರರಿಗೆ ಒಂದೇ ಮಾತು ಹೇಳುತ್ತಿತ್ತು: ಮಿಸ್ಟೇಕ್.

ಮಾಸ್ತರರು ಪ್ರಶ್ನೆಪತ್ರಿಕೆ ಇರಲಿ, ಕಿರಾಣಿ ಚೀಟಿ ಇರಲಿ, ಮೇಲೆ ಶ್ರೀ ಬರೆಯದೆ ಮುಂದಿನ ಅಕ್ಷರಕ್ಕೆ ಹೋದವರಲ್ಲ. ಕಂಪ್ಯೂಟರಿನ ಮುಂದೆ ಕೂತಾಗಲೂ ಕೈ ತಾನಾಗಿಯೇ ಇಂಗ್ಲಿಷ್ ಅಕ್ಷರಗಳಲ್ಲಿ ಶ್ರೀ ಎಂದು ಒತ್ತುತ್ತಿತ್ತು. ಆ ಯಂತ್ರಕ್ಕೋ ತನ್ನ ಜೊತೆ ಬಂದ ದಪ್ಪ ಪುಸ್ತಕದಲ್ಲಿದ್ದ ಕೆಲವು ಆಜ್ಞೆಗಳು ಬಿಟ್ಟರೆ ಲೋಕದ ಬೇರೇನೂ ತಿಳಿಯದು. ತಿಳಿಯದ್ದಕ್ಕೆಲ್ಲ ಮಿಸ್ಟೇಕ್ ಎನ್ನುವುದು ಅದರ ಹುಟ್ಟುಗುಣ. ಇಷ್ಟು ಸಣ್ಣ ಸಂಗತಿ ಮಾಸ್ತರರಿಗೆ ಗೊತ್ತಿರಲಿಲ್ಲ. ಶ್ರೀಕಾರವನ್ನೇ ತಪ್ಪು ಎನ್ನುವ ಯಂತ್ರ ಕೆಟ್ಟೇ ಹೋಗಿದೆ ಎಂದುಕೊಂಡು, ದಿನಾ ಅಲ್ಲಿಗೇ ಬಿಟ್ಟು ಬಟ್ಟೆ ಮುಚ್ಚಿ ಏಳುತ್ತಿದ್ದರು.

ಆ ಶನಿವಾರ ಬೆಳಿಗ್ಗೆ ಹೆಡ್ ಮಾಸ್ತರ ಅಂದಾನಪ್ಪನವರು ಕರೆದು ಹೇಳಿದರು: “ಸಂಜಿ ನಾಕಕ್ಕ ಶಿಕ್ಷಣ ಇಲಾಖಿ ಸಾಹೇಬ್ರು ಬರ್ತಾರ. ಮಿಷನ್ ನಡೀಲಿಲ್ಲಂದ್ರ ಮುಂಡರಗಿ ಶಾಲಿಗೆ ಕೊಟ್ಟುಬಿಡತಾರಂತ. ಅಲ್ಲಿ ಫಕೀರಪ್ಪ ಮಾಸ್ತರು ಕಂಪ್ಯೂಟರ್ ಅರದು ಕುಡದಾರಂತ.”

ಯಂತ್ರ ಬಂದ ದಿನದಿಂದ ಮಕ್ಕಳು ಕಿಟಕಿಗೆ ಮುತ್ತಿ, ‘ನಮ್ಮನ್ನ ಯಾವಾಗ ಕುಂಡ್ರಸ್ತೀರಿ ಸರ’ ಎಂದು ಕೇಳುತ್ತಿದ್ದರು. ಒಬ್ಬರಾದರೂ ಮುಟ್ಟುವ ಮೊದಲೇ ಅದು ಊರು ಬಿಡುವುದೆಂದರೆ ಜಯತೀರ್ಥರಿಗೆ ಸಂಕಟವಾಯಿತು.

“ಸರ, ಇದು ಯಾಕ ಹಿಂಗ ಮಾಡತದ ಅಂತ…”

“ಟ್ರೇನಿಂಗಿಗೆ ಹೋಗಿ ಬಂದವ್ರು ನೀವು. ನನ್ನ ಕೇಳಿದ್ರ ಹೆಂಗ್ರಿ?” ಎಂದರು ಅಂದಾನಪ್ಪ.

ಟ್ರೇನಿಂಗ್ ಆಗಿದ್ದು ಖರೆ. ಆದರೆ ಧಾರವಾಡದಲ್ಲಿ ಆಗ ಕರೆಂಟು ಇರಲಿಲ್ಲ. ಕಲಿಸುವವರು ಹಲಗೆಯ ಮೇಲೆ ಕಂಪ್ಯೂಟರಿನ ಚಿತ್ರ ಬರೆದು, ಇದು ಕಂಪ್ಯೂಟರು ಎಂದು ಹೇಳಿ ಕಳಿಸಿದ್ದರು.

ಜಯತೀರ್ಥರು ಸೈಕಲ್ ಹತ್ತಿ ರೇಡಿಯೋ ರಿಪೇರಿಯ ಅಕ್ಬರಸಾಬನ ಅಂಗಡಿಗೆ ಹೋದರು.

“ಯಾವ ಕಂಪನಿದ್ರಿ?” ಎಂದ ಅಕ್ಬರಸಾಬ. ಇವರು ಹೆಸರು ಹೇಳಿದರು. “ಅಯ್ಯ, ಅದನ್ಯಾಕ ತಗೊಂಡ್ರಿ? ಮೊದಲ ನನ್ನ ಒಂದ್ಮಾತ ಕೇಳಬೇಕಿಲ್ಲೇನು?”

“ನಾ ತಗೊಂಡಿಲ್ಲೋ ಮಾರಾಯಾ, ಸರ್ಕಾರ ಕೊಟ್ಟದ. ಶ್ರೀ ಅಂತ ಒತ್ತಿದ್ರ ಮಿಸ್ಟೇಕ್ ಅನ್ನತದ.”

“ಅದ ಹೇಳಿದೆ ನಾನು. ಆ ಕಂಪನಿ ಮಾಲಿಗೆ ಮರ್ಯಾದಿ ಇಲ್ಲ.”

ಯಾವ ಕಂಪನಿಯದು ತರಬೇಕಿತ್ತು ಎಂಬುದನ್ನು ಅವನು ಚಹಾ ಆರುವ ತನಕ ವಿವರಿಸಿದ. ರೇಡಿಯೋ ಒಯ್ಯಲು ಬಂದಿದ್ದ ಗಿರಾಕಿಯೊಬ್ಬ, “ಟೇಪ್ ರೆಕಾರ್ಡರ್ ತಗೊಂಡಿದ್ರ ಈ ಪಂಚಾತಿನ ಇರ್ತಿರಲಿಲ್ಲ” ಎಂದು ತನ್ನದೂ ಸೇರಿಸಿದ.

ಉಳಿದದ್ದು ಧಾರವಾಡದ ಆ ಕಲಿಸುವವರೇ. ಮಾಸ್ತರರು ಅಂಚೆ ಕಚೇರಿಗೆ ಹೋಗಿ ಟ್ರಂಕ್ ಕಾಲ್ ಹಚ್ಚಿ ಕಾದರು. ಮಧ್ಯಾಹ್ನ ಹೊಟ್ಟೆ ಚುರುಗುಟ್ಟುವಾಗ ಲೈನು ಸಿಕ್ಕಿತು. ಇಡೀ ಕಚೇರಿಗೆ ಕೇಳುವಂತೆ ಕೂಗಿ ತಮ್ಮ ಕಷ್ಟ ಹೇಳಿಕೊಂಡರು.

“ಪುಸ್ತಕ ಓದೀರೇನು?” ಎಂದಿತು ಆ ಕಡೆಯ ದನಿ.

“ಓದೇನ್ರಿ, ಆದರ…”

“ಓದಿದ್ರ ಈ ಪ್ರಶ್ನಿ ಬರ್ತಿರಲಿಲ್ಲ. ಎಲ್ಲಾರೂ ಇದನ್ನ ಕೇಳತೀರಿ. ಪೂರಾ ಓದಿ ಆಮ್ಯಾಲ ಕೇಳ್ರಿ.”

“ಯಾವ ಪುಟಾರೀ ಸರ?” ಎನ್ನುವಷ್ಟರಲ್ಲಿ ಲೈನು ಕಟ್ಟಾಯಿತು. ಎಲ್ಲರೂ ಕೇಳುತ್ತಾರೆಂದರೆ ಒಬ್ಬರಿಗಾದರೂ ಉತ್ತರ ಕೊಟ್ಟಿರಬೇಕಲ್ಲ ಎಂದು ಅವರಿಗೆ ಹೊಳೆದದ್ದು ರಿಸೀವರ್ ಇಟ್ಟ ಮೇಲೆ.

ಸೊಲ್ಲಾಪುರದ ಟ್ರಂಕ್ ಕಾಲಿಗೆ ಕಾದಿದ್ದ ಉಳ್ಳಾಗಡ್ಡಿ ವ್ಯಾಪಾರಿ ದ್ಯಾಮಪ್ಪ ಕನಿಕರದಿಂದ ಹೇಳಿದ: “ಬರೇ ಶ್ರೀ ಅಂದ್ರ ಅದಕ್ಕರ ಹೆಂಗ ತಿಳೀಬೇಕ್ರಿ ಮಾಸ್ತರ, ಯಾವ ದೇವರಂತ? ಶ್ರೀ ವೀರಭದ್ರೇಶ್ವರ ಪ್ರಸನ್ನ ಅಂತ ಪೂರ್ತಿ ಹಾಕ್ರಿ.”

“ಎಲ್ಲಾಕ್ಕೂ ಮೊದಲ ಗಣಪ್ಪ ಬೇಕು,” ಎಂದಳು ಮನಿಯಾರ್ಡರಿಗೆ ನಿಂತಿದ್ದ ಗದಿಗೆವ್ವ. “ಅಷ್ಟೂ ತಿಳಿಯೂದಿಲ್ಲೇನ್ರಿ, ಶಾಣ್ಯಾರು ನೀವು.”

ಸಾಲು ಎರಡು ಪಕ್ಷವಾಯಿತು. ಕಂಪ್ಯೂಟರು ಎಂದರೇನೆಂದು ಅಲ್ಲಿ ಯಾರೂ ಕೇಳಲಿಲ್ಲ. ಹೇಳುವವರು ಮಾತ್ರ ಬೇಕಾದಷ್ಟಿದ್ದರು. ಕೊನೆಗೆ ಕ್ಲಾರ್ಕು ಎಲ್ಲರನ್ನೂ ಹೊರಗೆ ಹಾಕಿದ, ಮಾಸ್ತರರನ್ನು ಮೊದಲು.

ಶಾಲೆಗೆ ಬಂದು ಅವರು ವೀರಭದ್ರನನ್ನೂ ಒತ್ತಿ ನೋಡಿದರು, ಗಣಪತಿಯನ್ನೂ ಒತ್ತಿ ನೋಡಿದರು. ಯಂತ್ರ ಯಾವ ದೇವರಿಗೂ ಪಕ್ಷಪಾತ ಮಾಡಲಿಲ್ಲ.

ನಾಲ್ಕು ಹೊಡೆಯಲು ಇನ್ನೂ ಸ್ವಲ್ಪ ಹೊತ್ತಿತ್ತು. ಮುಂಡರಗಿ ಬಸ್ಸಿನಿಂದ ಇಳಿದವರೊಬ್ಬರು ಹಮಾಲನ ತಲೆಯ ಮೇಲೆ ಕೌದಿ ಸುತ್ತಿದ ದೊಡ್ಡ ಗಂಟು ಹೊರಿಸಿಕೊಂಡು ಬಂದು, ತಾವು ಫಕೀರಪ್ಪ ಮಾಸ್ತರ ಎಂದರು. ಜಯತೀರ್ಥರು ಬಾಗಿಲಿಗೆ ಅಡ್ಡ ನಿಂತರು.

“ಇನ್ನೂ ನಾಕ ಹೊಡದಿಲ್ಲರೀ. ಅಲ್ಲೀತನಕಾ ಇದು ನಮ್ಮ ಶಾಲಿದು. ಒಯ್ಯಾಕ ಬಿಡೂದಿಲ್ಲ.”

“ಒಯ್ಯಾಕ ಬಂದಿಲ್ರಿ ಸರ,” ಎಂದರು ಫಕೀರಪ್ಪ, ಬೆವರು ಒರೆಸಿಕೊಳ್ಳುತ್ತ. “ಇಟ್ಟು ಹೋಗಾಕ ಬಂದೀನಿ.”

ಕೌದಿ ಬಿಚ್ಚಿದರೆ ಒಳಗೆ ಅಂಥದೇ ಇನ್ನೊಂದು ಕಂಪ್ಯೂಟರು.

“ಹೋದ ವಾರ ಸಾಹೇಬ್ರು ನಮ್ಮ ಶಾಲಿಗೂ ಬಂದಿದ್ರು. ನಿಮ್ಮ ಕೈಲೆ ಇದು ನಡೀಲಿಲ್ಲಂದ್ರ ಬೆಟಗೇರಿಗೆ ಕೊಟ್ಟುಬಿಡ್ರಿ, ಅಲ್ಲಿ ಜಯತೀರ್ಥ ಮಾಸ್ತರು ಅರದು ಕುಡದಾರ ಅಂದ್ರು.”

ಜಯತೀರ್ಥರು ಬಾಗಿಲು ಬಿಟ್ಟು ಹತ್ತಿರ ಬಂದರು. “ನಿಮ್ಮದು ಏನನ್ನತದರೀ?”

“ಮಿಸ್ಟೇಕ್ ಅಂತೈತ್ರಿ. ನಾ ಪಾಪ ಶ್ರೀ ಅಂತ ಅಷ್ಟ…”

ಇಬ್ಬರಿಗೂ ನಗೆ ತಡೆಯಲಾಗಲಿಲ್ಲ. ಅದೇ ಹೊತ್ತಿಗೆ ಸಾಹೇಬರ ಜೀಪು ಬಂತು. ಎರಡು ಯಂತ್ರ, ನಗುತ್ತಿರುವ ಇಬ್ಬರು ಮಾಸ್ತರರನ್ನು ಕಂಡು ಸಾಹೇಬರಿಗೆ ಪರಮಾನಂದವಾಯಿತು. ಯಂತ್ರ ಹಚ್ಚಿ ತೋರಿಸಿ ಎಂದು ಅವರು ಕೇಳಲೇ ಇಲ್ಲ. ನಡೆಯುತ್ತಿದೆಯೋ ಇಲ್ಲವೋ ಎಂದು ಗುರುತಿಸುವುದು ಅವರಿಗೂ ಗೊತ್ತಿರಲಿಲ್ಲ.

“ಛಲೋ ಆತು. ಲಕ್ಷ್ಮೇಶ್ವರದ್ದು, ಶಿರಹಟ್ಟಿದ್ದು ಕೆಟ್ಟು ಕುಂತಾವ. ಸೋಮವಾರ ಅವನ್ನೂ ಇಲ್ಲೇ ಕಳಸ್ತೀನಿ, ಮಾಸ್ತರ್ನೂ ಕಳಸ್ತೀನಿ. ನೀವಿಬ್ಬರೂ ಕೂಡಿ ಅವರಿಗೆ ಕಲಸ್ರಿ. ಅಂದಂಗ, ನಿಮ್ಮೊಳಗ ಹೆಚ್ಚು ಬಲ್ಲವ್ರು ಯಾರು?”

ಇಬ್ಬರೂ ಒಬ್ಬರತ್ತ ಒಬ್ಬರು ಕೈ ತೋರಿಸಿದರು. ಸಾಹೇಬರು ಅವರ ವಿನಯವನ್ನು ಮೆಚ್ಚಿ ಜೀಪು ಹತ್ತಿದರು.

ಯಂತ್ರ ಉಳಿಯಿತು, ಮಕ್ಕಳಿಗೆ ದಕ್ಕಿತು ಎಂದು ಜಯತೀರ್ಥರಿಗೆ ಸಂತೋಷ. ಒಂದರ ಬದಲು ನಾಲ್ಕು ಯಂತ್ರ ನಡೆಸಲು ತಾವೇ ಕಲಿಸಬೇಕಲ್ಲ ಎಂದು ಚಿಂತೆ. ಅವರು ದಪ್ಪ ಪುಸ್ತಕವನ್ನು ಮೇಜಿನ ನಡುವೆ ಇಟ್ಟು, ಫಕೀರಪ್ಪನವರಿಗೆ ಕುರ್ಚಿ ಎಳೆದರು.

“ಕುಂಡ್ರಿ. ಮೊದಲಿಂದ ಓದೋಣು. ತಿಳೀಲಿಲ್ಲಂದ್ರ ತಿಳೀಲಿಲ್ಲ ಅಂತ ಹೇಳ್ರಿ, ನಾ ಏನೂ ಅನ್ನೂದಿಲ್ಲ.”

ಫಕೀರಪ್ಪ ಬಗ್ಗಿ ಓದಿದರು. ಮತ್ತೊಮ್ಮೆ ಓದಿದರು. “ಮೊದಲನೇ ಸಾಲ ತಿಳೀಲಿಲ್ರಿ ಸರ.”

“ನನಗೂ ತಿಳೀಲಿಲ್ಲ,” ಎಂದ ಜಯತೀರ್ಥರು, ಎರಡು ತಿಂಗಳಲ್ಲಿ ಮೊದಲ ಸಲ ಹಗುರಾಗಿ, ಎರಡು ಕಪ್ ಚಹಾ ತರಿಸಿದರು.